ಮೌಶಿಯ ದನಿಯಲ್ಲಿ ನಾನಾಡಿದ ಮಾತು

ನಾನು ಒಮ್ಮೆ ಒಂದು ಸಭೆಯನ್ನೇ ನಗಿಸಿದ್ದೇನೆ. ಬದುಕಿನಲ್ಲಿ ಅದೊಂದೇ ಸಲ. ಮೊಮ್ಮಕ್ಕಳಾದ ನೀವಿಬ್ಬರೂ ಆಗ ಸಣ್ಣವರು, ಮುಂದಿನ ಚಾಪೆಯ ಮೇಲೆ ಕುಳಿತಿದ್ದಿರಿ. ನಿಮ್ಮಿಬ್ಬರಲ್ಲಿ ಚಿಕ್ಕವನಾದ ತಮ್ಮ ನಕ್ಕು ನಕ್ಕು ಹಿಂದಕ್ಕೆ ಉರುಳಿದ್ದ. ಅಂದಿನಿಂದ ಪ್ರತಿ ಕ್ರಿಸ್‌ಮಸ್ಸಿಗೆ “ಆಯಿ, ಬಸ್ಸಿನ ಕಥಿ ಹೇಳು” ಎಂದು ಗಂಟುಬೀಳುತ್ತೀರಿ. ಮರೆತುಹೋಗಿದೆ ಎನ್ನುತ್ತೇನೆ. ಮರೆತಿಲ್ಲ. ಈ ವರ್ಷ ತಮ್ಮ ಅದನ್ನು ತಾನೇ ಸಭೆಯ ಮುಂದೆ ಮಾಡಿ ತೋರಿಸಲು ಹೆಸರು ಕೊಟ್ಟು ಬಂದಿದ್ದಾನೆ. ಆ ಕಥೆ ಇನ್ನು ಯಾರ ಬಾಯಲ್ಲೂ ಬರಬಾರದು. ಯಾಕೆ ಬರಬಾರದೆಂದು ಎದುರಿಗೆ ಕುಳಿತು ಹೇಳುವ ಧೈರ್ಯ ನನಗಿಲ್ಲ. ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಕೈಯಲ್ಲಿದೆ, ಅದರಿಂದ ಬರೆಯುತ್ತೇನೆ.

ಬಂದರಿನ ಮೇಲಿನ ಗುಡ್ಡದ ಓರೆಯ ಈ ಸಾಲುಮನೆಗೆ ನಾನು ಬಂದಾಗ ನಿಮ್ಮ ಅಪ್ಪ ಕೈಗೂಸು. ನಿಮ್ಮ ಅಜ್ಜ ಹಡಗಿಗೆ ಅದಿರು ತುಂಬುವ ಕೆಲಸದಲ್ಲಿದ್ದರು. ಗದಗಿನ ಕಡೆಯ ಹಳ್ಳಿಯಿಂದ ಬಂದ ನನಗೆ ಕೊಂಕಣಿ ಬಾರದು, ಹಿಂದಿ ಹರಕುಮುರುಕು. ಹೊರಗೆ ಹಾಕಿದ ಬಟ್ಟೆಯ ಮೇಲೆ ಕಲ್ಲಿದ್ದಲಿನ ಪುಡಿ ಕೂತರೆ, ಒಗೆದದ್ದನ್ನೇ ಮತ್ತೆ ಒಗೆಯುತ್ತ ದಿನ ಕಳೆಯುತ್ತಿದ್ದೆ. ನಮ್ಮ ಕ್ರೈಸ್ತರ ಕನ್ನಡ ಸಭೆ ಬಾಡಿಗೆಯ ಹಾಲ್‌ನಲ್ಲಿ ರವಿವಾರ ಮಧ್ಯಾಹ್ನ ಪ್ರಾರ್ಥನೆಗೆ ಕೂಡುತ್ತಿತ್ತು, ಈಗಲೂ ಹಾಗೆಯೇ. ಅಲ್ಲಿ ನನ್ನ ಕೆಲಸ ಚಾಪೆ ಹಾಸುವುದು, ಮುಗಿದ ಮೇಲೆ ಸುತ್ತಿಡುವುದು. ನಡುವೆ ಹಿಂದಿನ ಗೋಡೆಗೆ ಒರಗಿ ಕೂರುವುದು.

ಮೌಶಿ ಪಕ್ಕದ ಕೋಣೆಗೆ ಬಂದದ್ದು ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ. ಮರಾಠಿಯಲ್ಲಿ ಚಿಕ್ಕಮ್ಮನಿಗೆ ಅನ್ನುವಂತೆ ನೀವು ಅವರನ್ನು ಮೌಶಿ ಅನ್ನುತ್ತಿದ್ದಿರಿ, ನಾನೂ ಹಾಗೆಯೇ ಕರೆದೆ. ನನಗಿಂತ ನಾಲ್ಕೈದು ವರ್ಷ ಹಿರಿಯರು, ಆದರೂ ನನ್ನನ್ನು ಅಕ್ಕಾ ಅನ್ನುತ್ತಿದ್ದರು. ಅವರೂ ಗಂಡನನ್ನು ಕಳೆದುಕೊಂಡವರು. ಮನೆಮಾತು ಮರಾಠಿ, ಹಿರಿಯರ ಊರು ಮುಂಬಯಿಯ ಕೆಳಗಿನ ಕೊಂಕಣ. ನಮ್ಮಿಬ್ಬರ ನಡುವೆ ಹಿಂದಿ ಮರಾಠಿ ಕಲಸಿದ ಒಂದು ಮಾತು ನಡೆಯುತ್ತಿತ್ತು. ಅದನ್ನೆಲ್ಲ ಇಲ್ಲಿ ಕನ್ನಡದಲ್ಲಿಯೇ ಬರೆಯುತ್ತೇನೆ.

ಶುಕ್ರವಾರ ಹೊತ್ತು ಮುಳುಗುವ ಮೊದಲು ಅವರು ಗಾಜಿನ ಲೋಟದಲ್ಲಿ ನೀರು ಹಾಕಿ, ಮೇಲೆ ಎಣ್ಣೆ ಬಿಟ್ಟು, ಬತ್ತಿ ಹಚ್ಚುತ್ತಿದ್ದರು. ಶನಿವಾರ ಒಲೆ ಹೊತ್ತಿಸುತ್ತಿರಲಿಲ್ಲ. ಹನುಮಪ್ಪನಿಗೆ ಶನಿವಾರ ಮಾಡುತ್ತಾರೆಂದು ನಾನು ಎರಡು ವರ್ಷ ನಂಬಿದ್ದೆ. ಒಂದು ಶನಿವಾರ ಹಿಂದಿನ ದಿನ ಕರಿದಿಟ್ಟ ಮೀನನ್ನು ತಣ್ಣಗೆ ತಿನ್ನುತ್ತ ಕುಳಿತದ್ದನ್ನು ಕಂಡು ತಡೆಯಲಾಗದೆ ಕೇಳಿಯೇಬಿಟ್ಟೆ.

“ಶನಿವಾರ ಮಾಡ್ತೀರಿ, ಮೀನು ಹ್ಯಾಂಗ ತಿಂತೀರಿ ಮೌಶಿ?”

ಅವರಿಗೆ ನಗು ತಡೆಯದೆ ಕೆಮ್ಮು ಬಂತು. “ಅಕ್ಕಾ, ನಾವು ಯಹೂದಿ ಮಂದಿ. ಶನಿವಾರ ನಮ್ಮ ದೇವರು ದಣಿವಾರಿಸಿಕೊಂಡ ದಿವಸ. ಅವನ ಜೋಡಿ ನಾವೂ ಕೂಡತೇವಿ.”

ನಾನು ಗಾಬರಿಯಾದೆ. ಯೆಹೂದ್ಯರೆಂದರೆ ನನಗೆ ನಮ್ಮ ಪವಿತ್ರ ಗ್ರಂಥದ ಹಾಳೆಗಳಲ್ಲಿ ಇರುವವರು. ಗಡ್ಡ, ಉದ್ದನೆಯ ಅಂಗಿ, ಒಂಟೆ. ಒಂಬತ್ತು ಗಜದ ಸೀರೆ ಉಟ್ಟು ಪಕ್ಕದ ಕೋಣೆಯಲ್ಲಿ ಬಂಗಡೆ ತಿನ್ನುತ್ತ ಇರುತ್ತಾರೆಂದು ಯಾರೂ ಹೇಳಿರಲಿಲ್ಲ.

ಮುಂದಿನ ವರ್ಷ ಡಿಸೆಂಬರ್ ಹತ್ತಿರ ಬಂದಾಗ ನಮ್ಮ ಸಭೆಯ ಪಾದ್ರಿ ಅಯ್ಯನವರ ಹೆಂಡತಿ, ಅಮ್ಮನವರು, ನನ್ನನ್ನು ಹಿಡಿದುಕೊಂಡರು.

“ಈ ಸಲ ನೀವು ಬಾಯಿ ಬಿಡಬೇಕ್ರಿ. ಎಷ್ಟ ವರ್ಷ ಚಾಪಿ ಹಾಸೂದ? ಹೆಣ್ಮಕ್ಕಳ ಕೂಟದಾಗ ಒಂದ ಹತ್ತ ಮಿನಿಟ್ ಮಾತಾಡ್ರಿ. ಕ್ರಿಸ್ತ ಹುಟ್ಟೂದಕ್ಕ ಮುಂಚೆ ಜನ ಅವನ ಹಾದಿ ಹ್ಯಾಂಗ ನೋಡಿದ್ರು, ಅಷ್ಟ.”

“ನನಗ ಬರೂದಿಲ್ರಿ ಅಮ್ಮನವರ.”

“ಬರೂದಿಲ್ಲ ಅಂತ ಹೇಳಾಕ ಬರತೈತಲ್ಲ? ಹಂಗ ಇದೂ ಬರತೈತಿ.”

ಮೂರು ದಿನ ನನಗೆ ಒಂದು ವಾಕ್ಯವೂ ಹೊಳೆಯಲಿಲ್ಲ. ನಾಲ್ಕನೆಯ ದಿನ ಮೌಶಿ ಒಂದು ತಟ್ಟೆ ತಂದುಕೊಟ್ಟರು. ನೆನೆಸಿದ ಅವಲಕ್ಕಿ, ಕಾಯಿತುರಿ, ಸಕ್ಕರೆ, ಏಲಕ್ಕಿ, ಮೇಲೆ ಬಾಳೆಹಣ್ಣಿನ ಹೋಳು. “ಮಲಿದಾ” ಎಂದರು. ನನಗೆ “ಮಾದಲಿ” ಎಂದು ಕೇಳಿಸಿತು.

“ಮಾದಲಿ ಹಿಂಗ ಇರೂದಿಲ್ಲ ಮೌಶಿ. ಅದಕ್ಕ ಗೋಧಿ ಬೇಕು, ಬೆಲ್ಲ ಬೇಕು.”

“ಮಾದಲಿ ಅಲ್ಲ, ಮಲಿದಾ. ನಮ್ಮ ಪ್ರವಾದಿ ಹೆಸರಲೆ ಹಂಚತೇವಿ. ಅವನು ಸಾಯಲಿಲ್ಲ, ಮ್ಯಾಲೆ ಹೋದ. ಬರಬೇಕಾದವನು ಬರೂದಕ್ಕ ಮೊದಲು ಇವನು ಬಂದು ಸುದ್ದಿ ಹೇಳತಾನ.”

ಬರಬೇಕಾದವನು! ನಾನು ಹುಡುಕುತ್ತಿದ್ದ ಪಾಠ ಅವಲಕ್ಕಿಯ ತಟ್ಟೆಯ ಜೊತೆ ನನ್ನ ಹೊಸ್ತಿಲಿಗೆ ಬಂದಿತ್ತು. ಮೌಶಿಯನ್ನು ಒಳಗೆ ಕರೆದು ಕೂರಿಸಿದೆ. ಆ ಮಧ್ಯಾಹ್ನ ಅವರು ಹೇಳಿದಷ್ಟನ್ನು ನಾನು ನಲವತ್ತು ವರ್ಷದ ಸಭೆಯ ಉಪದೇಶಗಳಲ್ಲಿ ಕೇಳಿರಲಿಲ್ಲ.

ಬರಬೇಕಾದವನಿಗೆ ಅವರು ಅನ್ನುವ ಮೆಸ್ಸೀಯ ಎಂಬುದು ಹೆಸರಲ್ಲ. ಎಣ್ಣೆ ಹೊಯ್ಯಿಸಿಕೊಂಡವನು ಎಂದು ಅದರ ಅರ್ಥ. ಅವರ ಹಳೆಯ ಕಾಲದಲ್ಲಿ ಅರಸನಾಗುವವನ ತಲೆಗೆ, ಯಾಜಕನಾಗುವವನ ತಲೆಗೆ ಎಣ್ಣೆ ಹೊಯ್ಯುತ್ತಿದ್ದರು. ಆಮೇಲೆ ಪರದೇಶದ ರಾಜರು ಬಂದು ಊರು ಸುಟ್ಟರು, ದೇವಾಲಯ ಕೆಡವಿದರು, ಜನರನ್ನು ಹಿಡಿದುಕೊಂಡು ಹೋದರು. ಎಣ್ಣೆ ಹೊಯ್ಯಲು ತಲೆಯೇ ಇಲ್ಲವಾಯಿತು. ಆಗ ಜನ ಹಾದಿ ನೋಡತೊಡಗಿದರು. ಎಲ್ಲರೂ ಒಬ್ಬನದೇ ಹಾದಿ ನೋಡಲಿಲ್ಲ. ಕುರಿ ಕಾಯುತ್ತಿದ್ದು ಅರಸನಾದವನ ವಂಶದಲ್ಲಿ ಇನ್ನೊಬ್ಬ ಅರಸ ಹುಟ್ಟುತ್ತಾನೆ ಎಂದರು ಕೆಲವರು. ಇಲ್ಲ, ಬೇಕಾದದ್ದು ಶುದ್ಧನಾದ ಒಬ್ಬ ಯಾಜಕ ಎಂದರು ಕೆಲವರು. ಇಬ್ಬರೂ ಬರುತ್ತಾರೆ ಎಂದವರಿದ್ದರು. ಮೋಡದ ಮೇಲೆ ನ್ಯಾಯಾಧಿಪತಿ ಇಳಿಯುತ್ತಾನೆ ಎಂದವರೂ ಇದ್ದರು.

“ಅವನು ಬಂದ ಅಂತ ಹ್ಯಾಂಗ ಗೊತ್ತಾಗತೈತಿ?” ಎಂದೆ.

ಮೌಶಿ ಕಿಟಕಿಯ ಕಡೆ ಕೈ ಮಾಡಿದರು. ಕೆಳಗೆ ಬಂದರಿನಾಚೆ ಬೂದಿ ಬಣ್ಣದ ಯುದ್ಧದ ಹಡಗು ನಿಂತಿತ್ತು. “ಅದಕ್ಕ ಕೆಲಸ ಇರೂದಿಲ್ಲ ಆವಾಗ. ಅಷ್ಟ ಗುರುತು ಸಾಕು.”

ಆಮೇಲೆ ತಮ್ಮ ಮನೆತನದ ಮಾತು ತೆಗೆದರು. ಕೊಂಕಣದಲ್ಲಿ ಅವರ ಹಿರಿಯರದು ಎಣ್ಣೆಯ ಗಾಣ. ಶನಿವಾರ ಗಾಣ ನಿಲ್ಲಿಸುತ್ತಿದ್ದರೆಂದು ಊರವರು ‘ಶನಿವಾರ ತೇಲಿ’, ಅಂದರೆ ಶನಿವಾರದ ಗಾಣಿಗರು, ಅನ್ನುತ್ತಿದ್ದರಂತೆ. “ಎಣ್ಣಿ ತೆಗಿಯೂದು ನಮ್ಮ ಕೆಲಸ. ಯಾರ ತಲಿಗಿ ಹೊಯ್ಯಬೇಕು ಅನ್ನೂದು ದೇವರ ಕೆಲಸ” ಎಂದು ಎದೆ ಉಬ್ಬಿಸಿ ಹೇಳಿದರು.

ನಮ್ಮಪ್ಪನದೂ ಗಾಣವೇ. ಕುಸುಬಿ ಎಣ್ಣೆಯ ಗಾಣ, ಕಣ್ಣು ಕಟ್ಟಿದ ಎತ್ತು. ನಿಮಗೂ ಇದು ಗೊತ್ತಿಲ್ಲ. ಮದುವೆಯಾಗಿ ಬಂದಾಗ ಅತ್ತೆಯ ಕಡೆಯವರು ಯಾರೋ “ಗಾಣಗೇರ ಹುಡುಗಿ, ತಲಿ ಜಿಡ್ಡು” ಎಂದು ಆಡಿಕೊಂಡಿದ್ದರು. ಅಂದಿನಿಂದ ತೌರಿನ ಗಾಣದ ಸುದ್ದಿಯನ್ನು ಬಾಯಿಗೆ ತಂದಿರಲಿಲ್ಲ. ಮೌಶಿಯ ಮುಂದೂ ತರಲಿಲ್ಲ. ಆದರೆ ಒಳಗೆ ಏನೋ ಹೊತ್ತಿಕೊಂಡಿತ್ತು. ಕ್ರಿಸ್ತ ಎಂಬುದೂ ಅದೇ ಎಣ್ಣೆಯ ಮಾತು, ಬೇರೆ ಭಾಷೆಯಲ್ಲಿ. ಗಾಣಿಗರ ಮನೆಯಲ್ಲಿ ಹುಟ್ಟಿ ಇಷ್ಟು ವರ್ಷ ಆ ಹೆಸರು ಹಿಡಿದು ಪ್ರಾರ್ಥಿಸಿದ್ದೆ, ಒಂದು ದಿನವೂ ಅದರಲ್ಲಿ ಎಣ್ಣೆಯ ವಾಸನೆ ಬಂದಿರಲಿಲ್ಲ.

ಕೂಟದ ದಿನ ಮೌಶಿಯನ್ನೂ ಕರೆದುಕೊಂಡು ಹೋದೆ. ನನಗೆ ಧೈರ್ಯಕ್ಕೆ ಒಬ್ಬರು ಬೇಕಾಗಿದ್ದರು. ಮಾತು ಕನ್ನಡದಲ್ಲಿ, ಅವರಿಗೆ ತಿಳಿಯುವುದಿಲ್ಲ, ತಪ್ಪಿದರೂ ನಾಚಿಕೆಯಿಲ್ಲ ಎಂಬ ಲೆಕ್ಕ. ಅವರು ಬಾಗಿಲ ಬಳಿ ಕುರ್ಚಿಯಲ್ಲಿ ಕುಳಿತರು.

ಎದ್ದು ನಿಂತೆ. ಎಣ್ಣೆಯ ಮಾತು ಹೇಳಿದೆ. ಅರಸ, ಯಾಜಕ, ಮೊದಲು ಬರುವ ಪ್ರವಾದಿ, ಎಲ್ಲವನ್ನೂ ಹೇಳಿದೆ. ಹೆಣ್ಣುಮಕ್ಕಳು ಕಣ್ಣು ಅರಳಿಸಿ ಕೇಳುತ್ತಿದ್ದರು. “ಇಷ್ಟೆಲ್ಲಾ ಎಲ್ಲಿ ಕಲ್ತ್ರಿ?” ಎಂದು ಅಮ್ಮನವರು ನಡುವೆ ಕೇಳಿದರು. ಬಾಗಿಲ ಕಡೆ ಕೈ ತೋರಿಸಿದ್ದರೆ ಸಾಕಿತ್ತು. “ಒಂದ ಪುಸ್ತಕದಾಗ ಓದಿದ್ನಿರಿ” ಎಂದೆ.

ಆ ಸುಳ್ಳಿನ ಜೊತೆಗೆ ಮುಂದಿನ ಮಾತೂ ಮರೆತುಹೋಯಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಏನಾದರೂ ಹೇಳಬೇಕಿತ್ತು, ಹೇಳಿದೆ.

“ಯೆಹೂದ್ಯರು ಇಷ್ಟ ಹಾದಿ ನೋಡಿದ್ರು, ಕ್ರಿಸ್ತ ಬಂದಾಗ ಗುರ್ತ ಹಿಡೀಲಿಲ್ಲ. ಬಸ್ಸು ಹೋದ ಮ್ಯಾಲೆ ಸ್ಟ್ಯಾಂಡಿನ್ಯಾಗ ಗಂಟು ಹಿಡ್ಕೊಂಡು ಕುಂತವರಂಗ ಆತು. ಕಂಡಕ್ಟರ್ ಹತ್ರೀ ಹತ್ರೀ ಅಂತ ಒದರಿದಾ. ಇವರು ಏನಂದ್ರು? ಏ, ಈ ಡಬ್ಬಾ ಬಸ್ಸು ನಮ್ದಲ್ಲ, ನಮ್ದು ದೊಡ್ಡ ಬಸ್ಸು ಬರತೈತಿ!”

ಯಾರೋ ಕಿಸಕ್ಕೆಂದರು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಆ ನಗು ನನಗೆ ರುಚಿಸಿತು. ಅಂಥದ್ದು ನನಗೆ ಎಂದೂ ಸಿಕ್ಕಿರಲಿಲ್ಲ. ಸೆರಗನ್ನು ಹಿಂದಕ್ಕೆ ಸಿಕ್ಕಿಸಿ, ಕತ್ತು ಒಂದು ಕಡೆ ವಾಲಿಸಿ, ಮೂಗಿನಿಂದ ದನಿ ಎಳೆದು ಹೇಳಿದೆ: “ಆಮ್ಚೀ ಗಾಡೀ ಯೇಣಾ...ರ!” ನಮ್ಮ ಗಾಡಿ ಬರುತ್ತದೆ ಎಂದು. ಕತ್ತು ಮೌಶಿಯದು, ದನಿ ಮೌಶಿಯದು. ಹಾಲ್‌ನ ಛಾವಣಿ ಹಾರಿಹೋಗುವಂತೆ ನಕ್ಕರು. ತಮ್ಮ ಉರುಳಿದ್ದು ಆಗಲೇ. ನಾನು ಇನ್ನೊಂದು ಸಲ ಹೇಳಿದೆ.

ಚಹದ ಹೊತ್ತಿಗೆ ಮೌಶಿ ಕಪ್ಪು ಹಿಡಿದು ನನ್ನ ಬಳಿ ಬಂದರು. ಮರಾಠಿಯ ಆ ಸಾಲು ಅವರಿಗೆ ತಿಳಿದಿರುತ್ತದೆಂದು ನನಗೆ ಆಗ ಹೊಳೆಯಿತು. ಆದರೆ ಮುಂಚಿನ ಮಾತು ತಿಳಿದಿರಲಿಕ್ಕಿಲ್ಲ, ಏನಾದರೂ ಹೇಳಿ ಜಾರಿಕೊಳ್ಳೋಣ ಎಂದುಕೊಂಡೆ. ಅವರು ಕನ್ನಡದಲ್ಲಿ, ಹುಬ್ಬಳ್ಳಿಯ ಚೊಕ್ಕ ಕನ್ನಡದಲ್ಲಿ, ಕೇಳಿದರು.

“ನನ್ನ ದನಿ ಹಂಗ ಐತೇನ್ರಿ?”

ಕೈಯಲ್ಲಿದ್ದ ತಟ್ಟೆ ಏನಾಯಿತೋ ನೆನಪಿಲ್ಲ. “ಮೌಶಿ, ನಿಮಗ ಕನ್ನಡ...”

“ನಮ್ಮಪ್ಪ ರೈಲ್ವೇದಾಗ ಇದ್ದಾ. ಹನ್ನೆರಡು ವರ್ಷದಾಕಿ ಆಗೂತನಕ ಹುಬ್ಬಳ್ಳಿ ಕ್ವಾರ್ಟರ್ಸಿನ್ಯಾಗ ಬೆಳದೇನಿ.”

“ಒಂದ ದಿವಸಾನೂ ಹೇಳಲಿಲ್ಲಲ್ರೀ...”

“ನೀವು ಕೇಳಲಿಲ್ಲ. ಹಿಂದಿ ಮಾತಾಡಿದ್ರಿ, ನಾನೂ ಹಿಂದಿ ಮಾತಾಡಿದೆ. ಗ್ವಾಡಿ ಆಚೆ ನಿಮ್ಮ ಕನ್ನಡ ಕೇಳಕೋತ ಕೂಡೂದು ಚಂದ ಅನ್ನಸತಿತ್ತು. ನೀವು ಬೈದ್ರೂ ಹಾಡಿದಂಗ ಇರತಿತ್ತು.” ಕಪ್ಪನ್ನು ಮೇಜಿನ ಮೇಲೆ ಇಟ್ಟರು. “ಎಣ್ಣಿ ಮಾತು ಚಲೋ ಹೇಳಿದ್ರಿ. ಪುಸ್ತಕ ಚಲೋ ಇರಬೇಕು.”

ಹಾಗೆಂದು ಒಬ್ಬರೇ ಗುಡ್ಡ ಹತ್ತಿ ಹೋದರು.

ನಾಲ್ಕು ದಿನ ನಾನು ಅವರ ಬಾಗಿಲು ದಾಟುವಾಗ ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ. ಐದನೆಯ ದಿನ ಹೋಗಿ ನಿಂತೆ. “ತಪ್ಪಾತು ಮೌಶಿ” ಎಂದೆ, ಅಷ್ಟೇ ಬಂತು. ಅವರು ಚಾಪೆ ಹಾಸಿದರು.

“ನಮ್ಮಲ್ಲಿ ದೊಡ್ಡ ಉಪವಾಸ ಬರೂ ಮುಂಚೆ ಮಂದಿ ಮನಿಗಿ ಹೋಗಿ ಮಾಫಿ ಕೇಳತೇವಿ. ದೇವರಿಗೆ ಮಾಡಿದ ತಪ್ಪು ದೇವರು ಬಿಡತಾನ. ಮನಷ್ಯಾಗ ಮಾಡಿದ್ದನ್ನ ಆ ಮನಷ್ಯಾನ ಬಿಡಬೇಕು. ನಾ ಬಿಟ್ಟೇನಿ. ಆದ್ರ ಆ ಮಾತು ನನ್ನ ಕಡೆ ಇಲ್ಲಲ್ಲ ಅಕ್ಕಾ? ನಕ್ಕವರ ಕಡೆ ಐತಿ. ಅವರಿಗೆ ಹೇಳ್ರಿ.”

“ಹೇಳತೇನಿ.” ನಾಚಿಕೆಯ ನಡುವೆಯೂ ಒಂದು ಮಾತು ಕೇಳದೆ ಇರಲಾಗಲಿಲ್ಲ. “ಖರೇ ಹೇಳ್ರಿ ಮೌಶಿ. ನಾವು ಅವನು ಬಂದ ಅಂತ ನಂಬೇವಿ. ನಿಮಗ ಸಿಟ್ಟು ಬರೂದಿಲ್ಲೇನು?”

“ನಂಬ್ರಿ. ನಾ ಯಾಕ ಬ್ಯಾಡ ಅನ್ನಲಿ? ಆದ್ರ ರವಿವಾರ ನೀವು ಒಗ್ಯಾಣ ಒಗಿಯೂವಾಗ ಹಾಡತೀರಲ್ಲ, ಕ್ರಿಸ್ತಾ ತಿರುಗಿ ಬಾ, ಲಗೂನ ಬಾ ಅಂತ. ಎಲ್ಲಾ ಮುಗದಿದ್ರ ಮತ್ತ ಯಾರನ್ನ ಕರೀತೀರಿ?”

ಆ ಪ್ರಶ್ನೆಯನ್ನು ನಾನು ಇವತ್ತಿಗೂ ಬಿಟ್ಟಿಲ್ಲ. ಅದು ನನ್ನ ನಂಬಿಕೆಯನ್ನು ಕೆಡಿಸಲಿಲ್ಲ, ಅದಕ್ಕೆ ಬೇರು ತೋರಿಸಿತು. ಕ್ರಿಸ್ತನನ್ನು ಮೊದಲು ಗುರುತು ಹಿಡಿದವರು ಯಾರು? ದೇವಾಲಯದಲ್ಲಿ ವರ್ಷಗಟ್ಟಲೆ ಹಾದಿ ನೋಡುತ್ತಿದ್ದ ಒಬ್ಬ ಮುದುಕ, ಒಬ್ಬಳು ಮುದಿ ವಿಧವೆ. ಹೆತ್ತ ತಾಯಿ, ಬಲೆ ಬಿಟ್ಟು ಹಿಂದೆ ಹೋದ ಮೀನುಗಾರರು. ಎಲ್ಲರೂ ಮೌಶಿಯ ಜನವೇ. ಅವರು ಅಷ್ಟು ಕಾಲ ಹಾದಿ ನೋಡಿರದಿದ್ದರೆ, ಕೊಟ್ಟಿಗೆಯ ಕೂಸನ್ನು ನೋಡಿ ‘ಇವನೇ’ ಅನ್ನಲು ಯಾರ ಬಾಯಲ್ಲೂ ಮಾತು ಇರುತ್ತಿರಲಿಲ್ಲ. ಬಂದವನೂ ಯಾರೂ ಎಣಿಸಿದಂತೆ ಬರಲಿಲ್ಲ. ಯಾವ ಯಾಜಕನೂ ಅವನ ತಲೆಗೆ ಎಣ್ಣೆ ಹೊಯ್ಯಲಿಲ್ಲ. ಅವನು ಸಾಯುವ ಮುನ್ನ ಒಬ್ಬ ಹೆಂಗಸು ಹೊಯ್ದಳು, ಕೂತವರು ಅವಳನ್ನೇ ಬೈದರು. ಮತ್ತು ಕೆಳಗೆ ಬಂದರಿನಲ್ಲಿ ಆ ಬೂದಿ ಹಡಗು ಇನ್ನೂ ನಿಂತಿದೆ. ಅವನು ಬಂದನೆಂದು ನಂಬುವ ನಾನೂ ಅದು ಹೋಗುವ ದಿನದ ಹಾದಿ ನೋಡಬೇಕಾದವಳೇ. ಇದನ್ನು ನನಗೆ ಕಲಿಸಿದವರನ್ನು ನಾನು ಬಸ್‌ ಸ್ಟ್ಯಾಂಡಿನಲ್ಲಿ ಕೂರಿಸಿ ನಕ್ಕಿದ್ದೆ.

ಮುಂದಿನ ಕೂಟದಲ್ಲಿ ಹೇಳುವುದೆಂದು ಎದ್ದು ನಿಂತೆ. “ಬಸ್ಸಿನ ಕಥೀರೀ!” ಎಂದು ಒಬ್ಬಳು ಕೂಗಿದಳು, ಎಲ್ಲರೂ ಆಗಲೇ ನಗಲು ಶುರುಮಾಡಿದರು. ಗಂಟಲು ಕೆಟ್ಟಿದೆ ಎಂದು ಕುಳಿತೆ. ಅದರ ಮುಂದಿನ ಕೂಟಕ್ಕೆ ಹೋಗಲೇ ಇಲ್ಲ.

ಅಷ್ಟರಲ್ಲಿ ಇಸ್ರೇಲಿನಲ್ಲಿ ನೆಲೆಸಿದ್ದ ಮೌಶಿಯ ಮಗಳು, ತನ್ನ ಜೊತೆ ಇರಲು ಬಾ ಎಂದು ಟಿಕೆಟ್ ಕಳಿಸಿದಳು. ಹೊರಡುವ ಮುಂಜಾನೆ ಟ್ಯಾಕ್ಸಿ ಕೆಳಗೆ ನಿಂತಿದ್ದಾಗ ಮೌಶಿ ನನ್ನ ಎರಡೂ ಕೈ ಹಿಡಿದು ಕೇಳಿದರು.

“ಹೇಳಿದ್ರೇನು ಅವರಿಗೆ?”

“ಹ್ಞೂಂ ಮೌಶಿ. ಹೇಳಿದೆ.”

ಅವರ ಮುಖ ಹೇಗೆ ಅರಳಿತೆಂದರೆ, ನಾನು ಅದನ್ನು ಬರೆಯಲಾರೆ. ನನ್ನ ತಲೆಯ ಮೇಲೆ ಕೈ ಇಟ್ಟು ತಮ್ಮ ಪ್ರಾರ್ಥನೆಯ ಭಾಷೆಯಲ್ಲಿ ಏನೋ ಹೇಳಿ ಹರಸಿದರು. ನಾನು ತಲೆ ಬಗ್ಗಿಸಿ ನಿಂತು ಅದನ್ನೂ ತೆಗೆದುಕೊಂಡೆ.

ಹೋದ ರವಿವಾರ, ತಮ್ಮನ ಹೆಸರು ಪಟ್ಟಿಯಲ್ಲಿ ನೋಡಿದ ಮೇಲೆ, ಕೂಟದಲ್ಲಿ ಎದ್ದು ಹೇಳಿದೆ. ಪುಸ್ತಕ ಇರಲಿಲ್ಲ, ಕಲಿಸಿದವರು ಬಾಗಿಲ ಬಳಿ ಕುರ್ಚಿಯಲ್ಲಿ ಕುಳಿತಿದ್ದರು ಎಂದೆ. ನಮ್ಮಪ್ಪನದು ಗಾಣವಿತ್ತು ಎಂದೂ ಹೇಳಿದೆ, ಅದು ಯಾಕೆ ಬಂತೋ. ಬಹಳ ಕೆಟ್ಟದಾಗಿ ಹೇಳಿದೆ, ಮಾತು ಹಿಂದೆ ಮುಂದೆ ಆಯಿತು.

“ಅಯ್ಯ, ಹಳೇ ಮಾತು ಯಾಕ ಕೆದರತೀರಿ? ಚ್ಯಾಷ್ಟಿ ಅಲ್ಲೇನ್ರಿ ಅದು” ಎಂದರು ಅಮ್ಮನವರು.

“ನಮಗ ನೆನಪ ಇಲ್ಲ ಬಿಡ್ರಿ” ಎಂದಳು ಒಬ್ಬಳು.

ದವಾಖಾನೆಯಲ್ಲಿ ನರ್ಸ್ ಆಗಿರುವವಳು ಮಾತ್ರ ನೆಲ ನೋಡುತ್ತ ಹೇಳಿದಳು: “ನನಗ ನೆನಪೈತ್ರಿ. ನಮ್ಮ ಊರಿಗಿ ಹೋದಾಗ ಅಲ್ಲೀ ಸಭಾದಾಗ ಹೇಳೇನಿ. ಆ ದನೀನೂ ಮಾಡಿ ತೋರಿಸೇನಿ.” ಅವಳ ಊರು ಇಲ್ಲಿಂದ ಒಂದು ರಾತ್ರಿಯ ದಾರಿ. ಆ ಮಾತನ್ನು ನಾನು ಎಲ್ಲಿಂದ ಎಲ್ಲಿಗೆ ಹೋಗಿ ಹಿಂದಕ್ಕೆ ತರಲಿ?

ಮೌಶಿ ಈಗಲೂ ಕ್ರಿಸ್‌ಮಸ್ಸಿಗೆ ನಿಮ್ಮ ಅಪ್ಪನ ಫೋನಿಗೆ ಕರೆ ಮಾಡುತ್ತಾರೆ. ಫೋನು ನನಗೆ ಕೊಡಿಸಿ “ಆರಾಮಿದ್ದೀರೇನ್ರಿ ಅಕ್ಕಾ?” ಎಂದು ಕನ್ನಡದಲ್ಲಿ ಕೇಳುತ್ತಾರೆ. ನಾನು ಹಿಂದಿಯಲ್ಲಿ ಎರಡು ಮಾತು ಹೇಳಿ ಫೋನು ತಿರುಗಿ ಕೊಟ್ಟುಬಿಡುತ್ತೇನೆ. ಅವರ ಜೊತೆ ಆಡಲು ನನ್ನ ಮಾತೇ ನನಗೆ ಬಾರದಂತಾಗಿದೆ. ನೀವು ಅದಕ್ಕೂ ನಗುತ್ತೀರಿ.

ತಮ್ಮ, ಪಟ್ಟಿಯಿಂದ ಹೆಸರು ತೆಗೆಸು ಎಂದು ನಾನು ಅಪ್ಪಣೆ ಮಾಡುವುದಿಲ್ಲ. ಇಷ್ಟನ್ನೂ ಓದಿದ್ದೀಯ, ನಿನಗೆ ತಿಳಿಯುತ್ತದೆ. ಆದರೆ ಇಬ್ಬರೂ ಇದನ್ನು ಮುಗಿಸಿದ ಮೇಲೆ ಫೋನು ಹಿಡಿದುಕೊಂಡು ಒಳಗೆ ಬನ್ನಿ. ಅವರ ನಂಬರ್ ಒತ್ತಿಕೊಡಿ, ನನಗೆ ಅದು ಬರುವುದಿಲ್ಲ. ಅವರು ಹೊರಟ ದಿನ ‘ಹೇಳಿದೆ’ ಅಂದದ್ದು ಸುಳ್ಳು ಎಂದು ಅವರಿಗೆ ಹೇಳಬೇಕು, ಕನ್ನಡದಲ್ಲಿಯೇ ಹೇಳುತ್ತೇನೆ. ಆಗ ನೀವು ಹೊರಗೆ ಹೋಗಬೇಡಿ.